ಸೇಲಂ ಮಾಟ, ಬೆಂಗಳೂರಿನ ಸೀಮೆಸುಣ್ಣ

(ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ, ಸಿನಿಮಾ ತೋರಿಸಿದ ಮರುದಿನ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕಿನ ಕೀಚಲು ಸದ್ದು, ನನ್ನ ಕೆಮ್ಮು, ಕರೆಂಟ್ ಹೋದ ಹತ್ತು ನಿಮಿಷ, ಇಷ್ಟನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಹೋದ ವಾರ "ಸೇಲಂ ಮಾಟಗಾತಿಯರ ಸಿನಿಮಾ ತೋರಿಸುತ್ತಿದ್ದೇವೆ, ಬನ್ನಿ" ಎಂದು ಎಲ್ಲರಿಗೂ ಮೆಸೇಜ್ ಹಾಕಿದ್ದೆ. ನಮ್ಮ ಬೀದಿಯ ಹಿರಿಯರೊಬ್ಬರು ಫೋನ್ ಮಾಡಿದರು. "ಸೇಲಂನಲ್ಲಿ ಎಲ್ಲಿಯ ಮಾಟನಪ್ಪಾ? ನನ್ನ ಮಗಳನ್ನ ಕೊಟ್ಟಿರೋದೇ ಅಲ್ಲಿಗೆ. ಮಾವಿನಹಣ್ಣು ಬಿಟ್ಟರೆ ಅಲ್ಲಿಂದ ಇನ್ನೇನೂ ಬಂದಿಲ್ಲ" ಎಂದರು. ಇದು ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿದರೆ ಸಿಗುವ ಸೇಲಂ ಅಲ್ಲ ಸ್ವಾಮಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಡಲ ದಂಡೆಯ ಮೇಲಿರುವ ಊರು. ಅಲ್ಲಿ ಮಾವು ಬೆಳೆಯುವುದಿಲ್ಲ, ಆದರೆ ಮಾಟದ ಹೆಸರಲ್ಲಿ ವ್ಯಾಪಾರ ಚೆನ್ನಾಗಿ ನಡೆಯುತ್ತದೆ. ಊರಿನ ಪೊಲೀಸರ ಬ್ಯಾಡ್ಜಿನ ಮೇಲೂ ಪೊರಕೆ ಏರಿ ಹಾರುವ ಮಾಟಗಾತಿಯ ಚಿತ್ರ ಇದೆ.

ಇನ್ನೊಂದು ಮುಜುಗರ. ಇದು ಬಸವನಗುಡಿ. ಎಚ್. ನರಸಿಂಹಯ್ಯನವರು ಬಾಳಿದ ಜಾಗ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡಲು ಸಮಿತಿ ನೇಮಿಸಿದವರು ಅವರು. ಅವರ ಬೀದಿಯಲ್ಲಿ ನಿಂತು ಮಾಟ ಮಂತ್ರದ ಸಿನಿಮಾ ಬಗ್ಗೆ ಒಂದು ಗಂಟೆ ಮಾತಾಡೋದು ಅಂದರೆ ಮೇಷ್ಟ್ರ ಮನೆ ಮುಂದೆ ಬೀಡಿ ಸೇದಿದ ಹಾಗೆ. ಆದರೂ ಮಾತಾಡುತ್ತೇನೆ. ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಆದರೆ ದೆವ್ವದಿಂದ ನನ್ನ ಮನೆ ಬಾಡಿಗೆ ಕಟ್ಟಿದ ತಿಂಗಳುಗಳು ಇವೆ. ನಾನು ಸಿನಿಮಾಗಳಿಗೆ ಸೌಂಡ್ ಎಫೆಕ್ಟ್ಸ್ ಮಾಡುವವನು. ಬಾಗಿಲು ಕಿರ್ರೆನ್ನುವುದು, ಹೆಜ್ಜೆ ಸದ್ದು, ಮೂಳೆ ಲಟಕ್ ಅನ್ನುವುದು, ಇದೆಲ್ಲ ನನ್ನ ಇಲಾಖೆ. ಮೂಳೆ ಮುರಿಯುವುದಕ್ಕೆ ನುಗ್ಗೆಕಾಯಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ರೆಕಾರ್ಡಿಂಗ್ ಆದ ದಿನ ಮನೆಯಲ್ಲಿ ಅದೇ ಸಾರು.

ಈಗ ಸಿನಿಮಾ. ನಿನ್ನೆ ನೋಡಿದ್ದು "ದಿ ಲಾರ್ಡ್ಸ್ ಆಫ್ ಸೇಲಂ". 2012ರದ್ದು. ಮಾಡಿದವರು ರಾಬ್ ಝಾಂಬಿ. ಅದು ಅವರೇ ಇಟ್ಟುಕೊಂಡ ಹೆಸರು. ಮೊದಲು ರಾಕ್ ಸಂಗೀತಗಾರ, ಆಮೇಲೆ ನಿರ್ದೇಶಕ. ಹುಟ್ಟಿದ್ದು ಹೇವರಿಲ್ ಎಂಬ ಊರಲ್ಲಿ, ಸೇಲಂ ಇರುವ ಕೌಂಟಿಯಲ್ಲೇ. ಅಂದರೆ ಮಾಟಗಾತಿಯರ ಕಥೆ ಇವರಿಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ, ಪಕ್ಕದೂರಿನ ಕಥೆ. ನಮಗೆ ಕೊಳ್ಳೇಗಾಲ ಇದ್ದ ಹಾಗೆ ಅನ್ನಿ. (ಕೊಳ್ಳೇಗಾಲದವರು ಯಾರಾದರೂ ಇದ್ದರೆ ಕ್ಷಮಿಸಿ. ನಿಮ್ಮೂರಿನ ರೇಷ್ಮೆ ಬಗ್ಗೆ ಇನ್ನೊಂದು ದಿನ ಮಾತಾಡುತ್ತೇನೆ.)

ಖರ್ಚು ಸುಮಾರು 15 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ 8 ಕೋಟಿ ರೂಪಾಯಿ ಹತ್ತಿರ. ಹಾಲಿವುಡ್ಡಿನಲ್ಲಿ ಇದಕ್ಕೆ ಲೋ ಬಜೆಟ್ ಅನ್ನುತ್ತಾರೆ. ಗಾಂಧಿನಗರದಲ್ಲಿ ಈ ದುಡ್ಡಿಗೆ ಹೀರೋ ಎಂಟ್ರಿ ಸಾಂಗು, ಎರಡು ಫೈಟು, ಮಲೆನಾಡಿನಲ್ಲಿ ಒಂದು ಶೆಡ್ಯೂಲು, ಎಲ್ಲ ಮುಗಿಸಿ ಕುಂಬಳಕಾಯಿ ಒಡೆದುಬಿಡುತ್ತಾರೆ. ಇರಲಿ. ಇದರ ನಿರ್ಮಾಪಕರಲ್ಲಿ ಒಬ್ಬರು ಓರೆನ್ ಪೆಲಿ. ತಮ್ಮ ಸ್ವಂತ ಮನೆಯಲ್ಲೇ ಕ್ಯಾಮೆರಾ ಇಟ್ಟು, ಸುಮಾರು 15 ಸಾವಿರ ಡಾಲರಿನಲ್ಲಿ "ಪ್ಯಾರಾನಾರ್ಮಲ್ ಆಕ್ಟಿವಿಟಿ" ಮಾಡಿದವರು. ಆ ಸಿನಿಮಾ ಜಗತ್ತಿನಾದ್ಯಂತ 19 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು. ಆಮೇಲೆ ಪೆಲಿ ಮತ್ತು ಅವರ ಜೊತೆಗಾರ ನಿರ್ಮಾಪಕರು ಹಿಡಿದ ದಾರಿ ಇದು: ದುಡ್ಡು ಕಡಿಮೆ ಕೊಡುತ್ತೇವೆ, ಕೆಲಸದಲ್ಲಿ ಕೈ ಹಾಕುವುದಿಲ್ಲ. ನಿರ್ದೇಶಕನಿಗೆ ಇದಕ್ಕಿಂತ ಒಳ್ಳೆ ಒಪ್ಪಂದ ಸಿಗಲಾರದು. ಹಾಗಾಗಿ ಸಿನಿಮಾ ಕೆಟ್ಟರೆ ನಿರ್ಮಾಪಕನನ್ನು ಬೈಯುವ ಸುಖವೂ ಇಲ್ಲ.

ಕಥೆ ನೆನಪಿಸುತ್ತೇನೆ, ನಿನ್ನೆ ಮಧ್ಯದಲ್ಲೇ ಎದ್ದುಹೋದವರಿಗಾಗಿ. ನಾಲ್ಕು ಜನ ಎದ್ದು ಹೋದಿರಿ, ಎಣಿಸಿದ್ದೇನೆ. ಹೈಡಿ ಸೇಲಂನ ಒಂದು ರೇಡಿಯೋದಲ್ಲಿ ರಾತ್ರಿ ಕಾರ್ಯಕ್ರಮ ಮಾಡುವವಳು. ಹಿಂದೆ ಡ್ರಗ್ಸ್ ಚಟ ಇತ್ತು, ಬಿಟ್ಟಿದ್ದಾಳೆ. ಹಳೇ ಕಟ್ಟಡದಲ್ಲಿ ಒಬ್ಬಳೇ ಇರುತ್ತಾಳೆ, ಜೊತೆಗೊಂದು ನಾಯಿ. ಒಂದು ದಿನ ಅವಳ ಹೆಸರಿಗೆ ಮರದ ಪೆಟ್ಟಿಗೆ ಬರುತ್ತದೆ. ಒಳಗೆ ಒಂದು ಗ್ರಾಮಫೋನ್ ಪ್ಲೇಟು. ಕಳಿಸಿದವರ ಹೆಸರು "ದಿ ಲಾರ್ಡ್ಸ್" ಅಂತ ಮಾತ್ರ ಇದೆ. ಮನೆಯಲ್ಲಿ ಹಾಕಿದಾಗ ಅದು ಹಿಂದುಮುಂದಾಗಿ ಕೇಳಿಸುತ್ತದೆ. ರೇಡಿಯೋದಲ್ಲಿ ಹಾಕಿದಾಗ ಸರಿಯಾಗಿ ಕೇಳಿಸುತ್ತದೆ. ಊರಿನ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಮಂಕು ಹಿಡಿದವರ ಹಾಗೆ ನಿಂತುಬಿಡುತ್ತಾರೆ. ಮುನ್ನೂರು ವರ್ಷದ ಹಿಂದೆ ಕೊಂದ ಮಾಟಗಾತಿಯರು ಆ ರಾಗದ ಮೂಲಕ ವಾಪಸ್ ಬರುತ್ತಿದ್ದಾರೆ. ಅವರನ್ನು ಕೊಲ್ಲಿಸಿದ ಪಾದ್ರಿಯ ವಂಶದ ಕುಡಿ ಈ ಹೈಡಿ.

ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ರೇಡಿಯೋ ಮೇಲೆ ಬರುವ ಮಾಟ! ಮಾಟ ಹಾಕಬೇಕಾದರೆ ಕೂದಲು ಬೇಕು, ಉಗುರು ಬೇಕು, ಮೂರು ದಾರಿ ಕೂಡುವ ಜಾಗ ಬೇಕು ಅಂತ ನಾವು ಕೇಳಿ ಬೆಳೆದವರು. ಇಲ್ಲಿ ಒಂದು ಟ್ರಾನ್ಸ್‌ಮಿಟರ್ ಸಾಕು. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ "ಆಕಾಶವಾಣಿ" ಎಂಬ ಹೆಸರು ಬಂತು. ಅವರು ಓದಿಸುತ್ತಿದ್ದದ್ದು ಮನಃಶಾಸ್ತ್ರ. ಮಾತಾಡುವವರು ಕಣ್ಣಿಗೆ ಕಾಣುವುದಿಲ್ಲ, ಮಾತು ಮಾತ್ರ ಮನೆಯೊಳಗೆ ಬರುತ್ತದೆ. ಪುರಾಣದಲ್ಲಿ ಕಂಸನಿಗೆ ಹೆದರಿಕೆ ಹುಟ್ಟಿಸಿದ್ದು ಇದೇ ತಾನೇ, ಒಂದು ಆಕಾಶವಾಣಿ. ರಾತ್ರಿ ಒಂದು ಗಂಟೆಗೆ ರೇಡಿಯೋ ಹಾಕಿಕೊಂಡು ಮಲಗಿದವರಿಗೆ ಗೊತ್ತು, ಆ ದನಿ ನಮಗೊಬ್ಬರಿಗೇ ಹೇಳುತ್ತಿದೆ ಅನ್ನಿಸುತ್ತದೆ.

ಮೊದಲ ಮುಕ್ಕಾಲು ಗಂಟೆ ನಾನು ಸಿನಿಮಾದ ಪಕ್ಷ. ಅದನ್ನು ಹೇಳಿಯೇ ಬೈಯಬೇಕು. ಹೈಡಿಯ ಕಟ್ಟಡದ ಆ ಉದ್ದ ಕಾರಿಡಾರ್ ನೋಡಿದಿರಲ್ಲ. ಕ್ಯಾಮೆರಾ ಒಂದು ತುದಿಯಲ್ಲಿ ಸುಮ್ಮನೆ ಕೂತಿದೆ. ಆ ಕಡೆ ತುದಿಯಲ್ಲಿ 5ನೇ ನಂಬರಿನ ಖಾಲಿ ಮನೆ. ಏನೂ ಆಗುವುದಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಬೆಕ್ಕೊಂದು ಹಾರಿ, ತಬಲಾ, ವಯಲಿನ್ನು, ಹಿಂದಿನ ಸೀಟಿನವರ ಕಿರುಚಾಟ ಎಲ್ಲ ಮುಗಿದಿರುತ್ತಿತ್ತು. ಇಲ್ಲಿ ಸೋಮವಾರ, ಮಂಗಳವಾರ ಎಂದು ವಾರದ ಹೆಸರು ಮಾತ್ರ ಪರದೆ ಮೇಲೆ ಬರುತ್ತದೆ. ಆ ತಾಳ್ಮೆ ನನಗೆ ಹಿಡಿಸಿತು. ಬ್ರ್ಯಾಂಡನ್ ಟ್ರೋಸ್ಟ್ ಅವರ ಕ್ಯಾಮೆರಾ, ಎಲೆ ಉದುರುವ ಕಾಲದ ತಣ್ಣನೆ ಬೆಳಕು, ಹೈಡಿಯ ಮಂಚದ ಹಿಂದೆ ಗೋಡೆ ತುಂಬ ಇರುವ ಚಂದ್ರನ ಮುಖ. 1902ರಲ್ಲಿ ಮೆಲಿಯೆ ಮಾಡಿದ ಮೂಕಿ ಚಿತ್ರದ ಚಂದ್ರ ಅದು. ಬಡ ಸಿನಿಮಾ ಅನ್ನಿಸುವುದೇ ಇಲ್ಲ.

ಆಮೇಲೆ ಆ ಮೂವರು ಹೆಂಗಸರು. ಮನೆ ಮಾಲಕಿ, ಅವಳ ಇಬ್ಬರು ಅಕ್ಕತಂಗಿಯರು. ಟೀ ಮಾಡಿಕೊಡುತ್ತಾರೆ, ಕೈ ನೋಡಿ ಭವಿಷ್ಯ ಹೇಳುತ್ತಾರೆ, ನಗುತ್ತಾರೆ. ಜೂಡಿ ಗೀಸನ್, ಡೀ ವಾಲೇಸ್, ಪಟ್ರೀಷಿಯಾ ಕ್ವಿನ್. ಮೂವರೂ ಹಳೇ ಹುಲಿಗಳು. ಇವರನ್ನು ನೋಡಿ ನನಗೆ ಭಯವಾಗಿದ್ದು ಯಾಕೆ ಗೊತ್ತಾ? ಇವರು ನಮಗೆ ಗೊತ್ತಿರುವವರು. ಮದುವೆ ಮನೆಯಲ್ಲಿ ಪಕ್ಕ ಕೂತು, "ಯಾಕಮ್ಮಾ ಸಣ್ಣಗಾಗಿದ್ದೀಯ" ಎಂದು ಗಲ್ಲ ಹಿಡಿದು, ಎರಡೇ ಪ್ರಶ್ನೆಯಲ್ಲಿ ಇಡೀ ಜಾತಕ ತೆಗೆಯುವವರು. ದೆವ್ವ ಹಾಗೆ ಬಂದರೆ ಬಾಗಿಲು ಹಾಕುವುದಕ್ಕೂ ಆಗುವುದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ.

ಇನ್ನು ಆ ರಾಗ. ನನ್ನ ಕಸುಬು ಇದೇ ಆದ್ದರಿಂದ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಸಂಗೀತ ಜಾನ್ 5 ಮತ್ತು ಗ್ರಿಫಿನ್ ಬಾಯ್ಸ್ ಅವರದ್ದು. ಪ್ಲೇಟಿನ ಮೇಲಿರುವುದು ಕೆಲವೇ ಸ್ವರ. ಎಳೆದು ಎಳೆದು ಅದನ್ನೇ ಮತ್ತೆ ಮತ್ತೆ ನುಡಿಸುತ್ತಾರೆ. ರಾಗ ಅನ್ನುವುದಕ್ಕಿಂತ ಭಾರದ ಚಕ್ಕಡಿಯೊಂದು ಏರಿಯಲ್ಲಿ ನರಳಿದ ಹಾಗಿದೆ. ಹಳೇ ಪ್ಲೇಟಿನ ಮೇಲೆ ಮುಳ್ಳು ಇಟ್ಟಾಗ ರಾಗಕ್ಕೂ ಮುಂಚೆ ಒಂದು ಸದ್ದು ಬರುತ್ತದೆ. ಚರಚರ, ಒಗ್ಗರಣೆ ತಣ್ಣಗಾಗುವಾಗಿನ ಹಾಗೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ನಾನು ಹಳೇ ಪ್ಲೇಟುಗಳನ್ನು ಆರಿಸುತ್ತಿದ್ದೆ. ಹಾಡಿಗಾಗಿ ಅಲ್ಲ, ಆ ಚರಚರ ಸದ್ದಿಗಾಗಿ. ಅದನ್ನು ಕೇಳಿದ ಕೂಡಲೇ ಮನಸ್ಸು "ಯಾರೋ ಸತ್ತವರು ಹಾಡಲಿದ್ದಾರೆ" ಎಂದು ತಯಾರಾಗುತ್ತದೆ. ಈ ಸಿನಿಮಾಕ್ಕೆ ಅದು ಗೊತ್ತಿದೆ. ಮೊದಲ ಸಲ ಪ್ಲೇಟು ತಿರುಗಿದಾಗ ನಿನ್ನೆ ಈ ಹಾಲಿನಲ್ಲಿ ಒಂದು ಕುರ್ಚಿಯೂ ಅಲುಗಾಡಲಿಲ್ಲ.

ಹಾಗಿದ್ದರೆ ಕೆಟ್ಟದ್ದೆಲ್ಲಿ?

ಒಬ್ಬ ಪಾತ್ರಧಾರಿಯನ್ನು ನೆನಪಿಸಿಕೊಳ್ಳಿ. ಬ್ರೂಸ್ ಡೇವಿಸನ್ ಮಾಡಿರುವ ಫ್ರಾನ್ಸಿಸ್ ಎಂಬ ಲೇಖಕ. ಸೇಲಂ ಇತಿಹಾಸದ ಬಗ್ಗೆ ಪುಸ್ತಕ ಬರೆದವರು. ರೇಡಿಯೋದಲ್ಲಿ ಆ ರಾಗ ಕೇಳಿ ಅವರಿಗೆ ಮನಸ್ಸಿನಲ್ಲಿ ಕೊರೆಯಲು ಶುರುವಾಗುತ್ತದೆ. ಎಲ್ಲೋ ಕಂಡಿದ್ದೇನಲ್ಲ ಇದನ್ನ? ಹಳೇ ಕಾಗದ ತೆಗೆದು, ಸ್ವರಗಳನ್ನು ಹುಡುಕಿ, ಪಿಯಾನೋದಲ್ಲಿ ನುಡಿಸಿ ನೋಡುತ್ತಾರೆ. ಅದೇ ರಾಗ. ಇಡೀ ಸಿನಿಮಾದಲ್ಲಿ ತಲೆ ಓಡಿಸುವ ಒಬ್ಬನೇ ಮನುಷ್ಯ. ನಾವೆಲ್ಲ ಅವರ ಹಿಂದೆ ಹೊರಟೆವು. ಹೈಡಿಗೆ ವಿಷಯ ಹೇಳಲು ಅವಳ ಮನೆಗೆ ಬರುತ್ತಾರೆ. ಮೂವರು ಹೆಂಗಸರು ಒಳಗೆ ಕರೆದು, ಟೀ ಕೊಟ್ಟು, ಬಾಣಲೆಯಲ್ಲಿ ತಲೆಗೆ ಹೊಡೆದು ಮುಗಿಸುತ್ತಾರೆ. ಮುಗೀತು. ನಿನ್ನೆ ಹಾಲಿನಲ್ಲಿ ನಗು ಬಂತು. ಭಯದ ಸಿನಿಮಾದಲ್ಲಿ ನಗು ಬರಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಆ ಬಾಣಲೆಯಿಂದ ಸತ್ತದ್ದು ಫ್ರಾನ್ಸಿಸ್ ಒಬ್ಬರೇ ಅಲ್ಲ, ಮುಂದೇನಾಗುತ್ತದೋ ಎಂಬ ನಮ್ಮ ಕುತೂಹಲವೂ ಸತ್ತಿತು.

ಅಲ್ಲಿಂದ ಮುಂದೆ ಹೈಡಿ ಏನು ಮಾಡಿದಳು, ಹೇಳಿ ನೋಡೋಣ. ಏನೂ ಇಲ್ಲ. ನಡೆಯುತ್ತಾಳೆ, ಮಂಕಾಗಿರುತ್ತಾಳೆ, ಕರೆದುಕೊಂಡು ಹೋದ ಕಡೆ ಹೋಗುತ್ತಾಳೆ. ಮತ್ತೆ ಡ್ರಗ್ಸ್ ಹಿಡಿಯುತ್ತಾಳೆ, ಅದೂ ಅವಳೇ ಮಾಡಿದ ಹಾಗೆ ಅನ್ನಿಸುವುದಿಲ್ಲ. ಒಂದು ಸಲ ಕೂಡ "ಬೇಡ" ಎಂದು ಗಟ್ಟಿಯಾಗಿ ಹೇಳುವುದಿಲ್ಲ, "ಬೇಕು" ಎಂದೂ ಹೇಳುವುದಿಲ್ಲ. ಪ್ಲೇಟು ಬಂದ ದಿನವೇ ಎಲ್ಲ ತೀರ್ಮಾನವಾಗಿತ್ತು. ತೀರ್ಮಾನವಾದ ಮೇಲೆ ನಮಗೇನು ಕೆಲಸ? ಸೆಟ್ ನೋಡುವುದು. ದೀಪ ನೋಡುವುದು. ಹೊಳೆಯುವ ಶಿಲುಬೆ, ಮೇಕೆ ಸವಾರಿ, ಮುಖವಿಲ್ಲದ ಪಾದ್ರಿಗಳು. ಕೊನೆಯ ಇಪ್ಪತ್ತು ನಿಮಿಷ ಯಾರದೋ ದುಬಾರಿ ಮ್ಯೂಸಿಕ್ ವೀಡಿಯೋ.

ನನ್ನ ದೂರು ಇಷ್ಟೇ. ಮಾಟದ ಕಥೆಗೆ ಒಂದು ಷರತ್ತು ಬೇಕು. ಹೀಗೆ ಮಾಡಿದರೆ ಉಳಿಯುತ್ತೀಯ, ಹೀಗೆ ಮಾಡಿದರೆ ಕೆಡುತ್ತೀಯ ಅನ್ನುವ ಒಂದು ಗೆರೆ. ಮನುಷ್ಯ ಆ ಗೆರೆಯ ಹತ್ತಿರ ನಿಂತು ತಡಕಾಡಬೇಕು. ಭಯ ಇರುವುದು ಆ ತಡಕಾಟದಲ್ಲಿ. ಕೊಲ್ಲೂರಿನ ಕಥೆ ನಿಮಗೆಲ್ಲ ಗೊತ್ತು. ಶಂಕರಾಚಾರ್ಯರ ಹಿಂದೆ ದೇವಿ ನಡೆದು ಬರುತ್ತಾಳೆ. ಷರತ್ತು ಒಂದೇ, ತಿರುಗಿ ನೋಡಬಾರದು. ಹಿಂದೆ ಗೆಜ್ಜೆ ಸದ್ದು ಕೇಳುತ್ತಿದೆ, ಬರುತ್ತಿದ್ದಾಳೆ ಎಂದು ಧೈರ್ಯ. ಇದ್ದಕ್ಕಿದ್ದ ಹಾಗೆ ಸದ್ದು ನಿಲ್ಲುತ್ತದೆ. ಈಗೇನು ಮಾಡುವುದು? ತಿರುಗಿದರು. ದೇವಿ ಅಲ್ಲೇ ನಿಂತಳು. ಅದು ಭಕ್ತಿಯ ಕಥೆ, ದೆವ್ವದ್ದಲ್ಲ. ಆದರೆ ಸೌಂಡ್ ಮಾಡುವವನಾಗಿ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಸೌಂಡ್ ಡಿಸೈನ್ ನಾನು ಕೇಳಿಲ್ಲ. ನಮ್ಮ ಸಿನಿಮಾಗಳಲ್ಲಿ ಗೆಜ್ಜೆ ಸದ್ದು ಬಂದರೆ ಹೆದರಿಸುತ್ತೇವೆ. ಆ ಕಥೆಯಲ್ಲಿ ಗೆಜ್ಜೆ ನಿಂತರೆ ಎದೆ ಝಲ್ ಅನ್ನುತ್ತದೆ.

ಇನ್ನೂ ಹತ್ತಿರದ್ದು ಬೇಕಾ? 1990ರ ದಶಕದ ಬೆಂಗಳೂರಿಗೆ ಬನ್ನಿ. "ನಾಳೆ ಬಾ". ಇಲ್ಲಿ ನಲವತ್ತು ದಾಟಿದವರು ನಗುತ್ತಿದ್ದೀರಿ, ಚಿಕ್ಕವರಿಗೆ ಹೇಳುತ್ತೇನೆ. ರಾತ್ರಿ ಹೊತ್ತು ಒಬ್ಬ ಹೆಂಗಸು ಬೀದಿ ಬೀದಿ ಸುತ್ತುತ್ತಾಳೆ. ಬಾಗಿಲು ಬಡಿಯುತ್ತಾಳೆ. ನಿಮ್ಮ ಅಮ್ಮನ ದನಿಯಲ್ಲೋ ಅಣ್ಣನ ದನಿಯಲ್ಲೋ ನಿಮ್ಮ ಹೆಸರು ಹಿಡಿದು ಕರೆಯುತ್ತಾಳೆ. ಬಾಗಿಲು ತೆಗೆದರೆ ಕಥೆ ಮುಗೀತು. ಅದಕ್ಕೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆಯುವುದು. ಅವಳು ಓದುತ್ತಾಳೆ, ಹೋಗುತ್ತಾಳೆ. ನಾಳೆ ಬಂದಾಗಲೂ ನಾಳೆ ಬಾ ಅಂತಲೇ ಇರುತ್ತದೆ. ಬಡಾವಣೆಗಳ ತುಂಬ ಬಾಗಿಲು ಬಾಗಿಲ ಮೇಲೆ ಈ ಬರಹ ಇತ್ತು.

ಎಷ್ಟು ಖರ್ಚಾಯಿತು ಈ ಹಾರರಿಗೆ? ಒಂದು ತುಂಡು ಸೀಮೆಸುಣ್ಣ. ಆದರೆ ಒಳಗೆ ಏನೆಲ್ಲ ಇದೆ ನೋಡಿ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಬರೆದದ್ದಕ್ಕೆ ಬೆಲೆ ಕೊಡುತ್ತದೆ. ಅಷ್ಟು ಮರ್ಯಾದಸ್ಥ ದೆವ್ವ. (ನೋ ಪಾರ್ಕಿಂಗ್ ಬೋರ್ಡಿಗೆ ಬೆಂಗಳೂರಿನಲ್ಲಿ ಯಾವ ಮನುಷ್ಯನೂ ಇಷ್ಟು ಮರ್ಯಾದೆ ಕೊಟ್ಟಿಲ್ಲ.) ಇನ್ನೊಂದು, ಅಮ್ಮನ ದನಿ. ನಿಜವಾದ ಅಮ್ಮನೇ ರಾತ್ರಿ ಬಸ್ಸಿಗೆ ಊರಿಂದ ಬಂದು ಬಾಗಿಲು ಬಡಿದರೆ? ತೆಗೆಯಬೇಕಾ ಬೇಡವಾ? ಆಗ ನಾನು ಚಿಕ್ಕವನು. ಹೊದಿಕೆ ಒಳಗೆ ಇದೇ ಲೆಕ್ಕ ಹಾಕುತ್ತಿದ್ದೆ. ದೆವ್ವ ನೋಡಲು ಹೇಗಿರುತ್ತದೆ ಅಂತ ಒಂದು ದಿನವೂ ಯೋಚಿಸಲಿಲ್ಲ.

ಈಗ ನಿಜವಾದ ಸೇಲಂಗೆ ಹೋಗೋಣ. ಸಿನಿಮಾದ ಮೇಲೆ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇಲ್ಲಿ. 1692ರಲ್ಲಿ ಅಲ್ಲಿ ಕೆಲವು ಹುಡುಗಿಯರು ಮೈಮೇಲೆ ಬಂದವರ ಹಾಗೆ ಆಡತೊಡಗಿದರು. ಯಾರು ಮಾಟ ಮಾಡಿದ್ದು ಎಂದು ಕೇಳಿದಾಗ ಹೆಸರು ಹೇಳಿದರು. ಒಂದು ಹೆಸರಿಂದ ಇನ್ನೊಂದು ಹೆಸರು. ನೂರೈವತ್ತಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಂತು. 19 ಜನರನ್ನು ನೇಣಿಗೆ ಹಾಕಿದರು. ಜೈಲ್ಸ್ ಕೋರಿ ಎಂಬ ಮುದುಕನ ಎದೆ ಮೇಲೆ ಕಲ್ಲು ಹೇರಿ ಹೇರಿ ಕೊಂದರು. ಜೈಲಿನಲ್ಲೇ ಸತ್ತವರು ಬೇರೆ. ಇಷ್ಟು ಜನರಲ್ಲಿ ಒಬ್ಬರನ್ನೂ ಸುಡಲಿಲ್ಲ. ಸೇಲಂ ಅಂದರೆ ಬೆಂಕಿ ಎಂಬುದು ನಮ್ಮ ತಲೆಯಲ್ಲಿ ಸುಮ್ನೆ ಕೂತುಬಿಟ್ಟಿದೆ. ಡೊರೊತಿ ಗುಡ್ ಎಂಬ ನಾಲ್ಕೈದು ವರ್ಷದ ಮಗುವನ್ನೂ ಜೈಲಿಗೆ ಹಾಕಿದ್ದರು. "ಅವಳ ರೂಪ ರಾತ್ರಿ ನನ್ನ ಹತ್ತಿರ ಬಂದು ಚಿವುಟಿತು" ಅಂದರೆ ಕೋರ್ಟಿನಲ್ಲಿ ಅದು ಸಾಕ್ಷಿ.

ಅಲ್ಲೂ ಒಂದು ಷರತ್ತು ಇತ್ತು. ಕೇಳಿ. "ಹೌದು, ನಾನು ಮಾಟಗಾತಿ" ಎಂದು ಒಪ್ಪಿಕೊಂಡು ಆ ಮಾತಿಗೇ ಅಂಟಿಕೊಂಡವರಲ್ಲಿ ಯಾರನ್ನೂ ನೇಣಿಗೆ ಹಾಕಲಿಲ್ಲ. "ಇಲ್ಲ" ಎಂದವರನ್ನು ಹಾಕಿದರು. ಸುಳ್ಳು ಹೇಳಿದರೆ ಜೀವ, ನಿಜ ಹೇಳಿದರೆ ಹಗ್ಗ. ಒಪ್ಪಿಕೊಂಡರೆ ಸಾಲದು, ಜೊತೆಗೆ ಇನ್ಯಾರಿದ್ದರು ಎಂದೂ ಕೇಳುತ್ತಿದ್ದರು. ಅಂದರೆ ನಿನ್ನ ಜೀವಕ್ಕೆ ಪಕ್ಕದ ಮನೆಯವಳ ಹೆಸರು ಬೆಲೆ. ಯಾವ ಬರಹಗಾರ ಕೂತು ಯೋಚಿಸಿದರೂ ಇಷ್ಟು ಕ್ರೂರವಾದ ಷರತ್ತು ಹೊಳೆಯುವುದಿಲ್ಲ. ಇದನ್ನು ಕೈಯಲ್ಲಿ ಇಟ್ಟುಕೊಂಡು ಈ ಸಿನಿಮಾ ಏನು ಮಾಡಿತು? ಅವರು ನಿಜವಾಗಿಯೂ ಮಾಟಗಾತಿಯರೇ ಆಗಿದ್ದರು ಅಂದುಬಿಟ್ಟಿತು. ಆ ಜಡ್ಜುಗಳಲ್ಲಿ ಒಬ್ಬರಾದ ಜಾನ್ ಹಾಥೋರ್ನ್ ಹೆಸರನ್ನು ಹೋಲುವ ಹೆಸರನ್ನೇ ಪಾದ್ರಿಗೆ ಇಟ್ಟಿದೆ. ಅಂದರೆ ಇತಿಹಾಸ ಗೊತ್ತಿಲ್ಲದೆ ಮಾಡಿದ್ದಲ್ಲ. ಗೊತ್ತಿದ್ದೂ ನೇಣು ಹಾಕಿದವರ ಪಕ್ಷ ವಹಿಸಿತು. ಆ ಪ್ರಕರಣದಲ್ಲಿ ಶಿಕ್ಷೆಯಾಗಿ, ಹೆಸರು ಇನ್ನೂ ದೋಷಮುಕ್ತವಾಗದೆ ಉಳಿದಿದ್ದ ಕೊನೆಯ ಹೆಂಗಸು ಎಲಿಜಬೆತ್ ಜಾನ್ಸನ್. ಒಂದು ಶಾಲೆಯ ಎಂಟನೇ ಕ್ಲಾಸಿನ ಮಕ್ಕಳು ಹಠ ಹಿಡಿದು ಓಡಾಡಿ, 2022ರಲ್ಲಿ ಆಕೆಯ ಹೆಸರು ತೊಳೆಸಿದರು. ಸಿನಿಮಾ ಮಾಡಬೇಕಾದ ಕಥೆ ಅದು.

ನಾವೇನೂ ದೂರ ನಿಂತು ನಗಬೇಕಾಗಿಲ್ಲ. ಕಲಬುರಗಿ ಕಡೆಯ ಬಾನಾಮತಿ ಎಂಬ ಮಾಟದ ಭಯ ನೆನಪಿದೆಯಲ್ಲ. ವಾಮಾಚಾರ ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಬೇಕಾಯಿತು, ಅದು ಜಾರಿಗೆ ಬಂದದ್ದು 2020ರಲ್ಲಿ.

ಷರತ್ತಿಗೆ ತಲೆಬಾಗಿ ಕಡಿಮೆ ದುಡ್ಡಿನಲ್ಲಿ ಮಾಡಿದ ಸಿನಿಮಾ ಇದೆಯಾ ಎಂದರೆ ಇದೆ. 2016ರ "ಎ ಡಾರ್ಕ್ ಸಾಂಗ್", ಐರ್ಲೆಂಡಿನ ಲಿಯಾಮ್ ಗ್ಯಾವಿನ್ ಅವರದ್ದು. ಮಗ ಸತ್ತ ತಾಯಿ, ತಂತ್ರ ಬಲ್ಲ ಒಬ್ಬ ಒರಟು ಗಂಡಸು, ಒಂದು ಒಂಟಿ ಮನೆ. ಮನೆ ಸುತ್ತ ಉಪ್ಪಿನ ಗೆರೆ ಎಳೆಯುತ್ತಾರೆ. ಪೂಜೆ ಮುಗಿಯುವವರೆಗೆ, ತಿಂಗಳುಗಟ್ಟಲೆ, ಗೆರೆ ದಾಟುವಂತಿಲ್ಲ. ಉಪವಾಸ, ನಿದ್ದೆಗೆಡುವುದು, ಗೆರೆ ಒರೆಸಿ ಮತ್ತೆ ಬರೆಯುವುದು. ನಮ್ಮಜ್ಜಿಯ ಮಡಿ ನೋಡಿದವರಿಗೆ ಇದೆಲ್ಲ ತಕ್ಷಣ ಅರ್ಥವಾಗುತ್ತದೆ. ಆ ಹೆಂಗಸು ಯಾಕೆ ಈ ಪೂಜೆ ಬೇಕು ಎಂಬುದರ ಬಗ್ಗೆ ಸುಳ್ಳು ಹೇಳಿರುತ್ತಾಳೆ. ಆ ಒಂದು ಸುಳ್ಳಿನಿಂದ ಇಡೀ ಮನೆ ಕೊಳೆಯುತ್ತದೆ. ಅಲ್ಲಿ ಮಾಟ ಅಂದರೆ ದುಡಿಮೆ. ನಿನ್ನೆಯ ಸಿನಿಮಾದಲ್ಲಿ ಮಾಟ ಅಂದರೆ ಅಲಂಕಾರ.

ಈಗ 5ನೇ ನಂಬರಿನ ಮನೆ ಒಳಗಿನ ಪ್ರಾಣಿ. ಮೆಟ್ಟಿಲ ಮೇಲೆ ನಿಂತ ಆ ಕುಳ್ಳಗಿನ ರಬ್ಬರು ದೇಹ, ಕೈಯಲ್ಲಿ ಕರುಳಿನ ಹಾಗೆ ತೂಗುವ ಎರಡು ಹಗ್ಗ. ಮುಂದಿನ ಸಾಲಿನಲ್ಲಿ ಯಾರೋ "ಹಲಸಿನ ಸೊಳೆ" ಎಂದರು. ಅರ್ಧ ಸಿನಿಮಾ ಪೂರ್ತಿ ಮುಚ್ಚಿದ ಬಾಗಿಲು ನಮ್ಮನ್ನು ಹೆದರಿಸಿತ್ತು. ಬಾಗಿಲು ತೆಗೆದು ಹಲಸಿನ ಸೊಳೆ ತೋರಿಸಿದರು. 1940ರ ದಶಕದಲ್ಲಿ ಆರ್‌ಕೆಓ ಸ್ಟುಡಿಯೋದವರು ವ್ಯಾಲ್ ಲೂಟನ್ ಎಂಬ ನಿರ್ಮಾಪಕರಿಗೆ ಇಂತಿಷ್ಟೇ ಎಂದು ಹೇಳಿಬಿಟ್ಟಿದ್ದರು. ಒಂದೊಂದು ಸಿನಿಮಾಕ್ಕೆ ಒಂದೂವರೆ ಲಕ್ಷ ಡಾಲರ್ ದಾಟಬಾರದು, ಹೆಸರನ್ನೂ ನಾವೇ ಕೊಡುತ್ತೇವೆ. ಕೊಟ್ಟ ಮೊದಲ ಹೆಸರು "ಕ್ಯಾಟ್ ಪೀಪಲ್". 1942ರಲ್ಲಿ ಬಂತು, ನಿರ್ದೇಶನ ಜಾಕ್ ಟೂರ್ನರ್. ಅದರಲ್ಲಿ ಒಬ್ಬ ಹುಡುಗಿ ರಾತ್ರಿ ರಸ್ತೆಯಲ್ಲಿ ನಡೆಯುತ್ತಾಳೆ, ಹಿಂದೆ ಯಾರದೋ ಹೆಜ್ಜೆ. ಹೆಜ್ಜೆ ಸದ್ದು ನಿಲ್ಲುತ್ತದೆ. ಅವಳು ಓಡುತ್ತಾಳೆ. ಇದ್ದಕ್ಕಿದ್ದ ಹಾಗೆ ಚಿರತೆ ಬುಸುಗುಟ್ಟಿದಂಥ ಸದ್ದು. ನೋಡಿದರೆ ಬಸ್ಸು ಬಂದು ನಿಂತಿದೆ, ಅದರ ಬ್ರೇಕ್ ಸದ್ದು. ಚಿರತೆ ಇಲ್ಲ, ರಬ್ಬರ್ ಇಲ್ಲ. ಇಂದಿಗೂ ಈ ತಂತ್ರಕ್ಕೆ ಸಿನಿಮಾದವರು "ಲೂಟನ್ ಬಸ್" ಅನ್ನುತ್ತಾರೆ. ಬೆಂಗಳೂರಿನಲ್ಲಿದ್ದು ಬಿಎಂಟಿಸಿ ಬಸ್ಸಿನ ಬ್ರೇಕಿಗೆ ಬೆಚ್ಚದವರು ಯಾರಿದ್ದಾರೆ!

ನ್ಯಾಯವಾಗಿ ಒಂದು ಮಾತು. ಪಾದ್ರಿ ಪಾತ್ರಕ್ಕೆ ಮೊದಲು ಗೊತ್ತು ಮಾಡಿದ್ದ ನಟ ರಿಚರ್ಡ್ ಲಿಂಚ್ ಕಾಯಿಲೆ ಬಿದ್ದರು, 2012ರಲ್ಲೇ ತೀರಿಕೊಂಡರು. ಆಂಡ್ರ್ಯೂ ಪ್ರೈನ್ ಆ ಜಾಗಕ್ಕೆ ಬಂದರು, ಕೆಲವು ದೃಶ್ಯಗಳು ಕೈಬಿಟ್ಟು ಹೋದವು. ಸಣ್ಣ ಬಜೆಟ್ಟಿನಲ್ಲಿ ಇದು ದೊಡ್ಡ ಪೆಟ್ಟು. ಆದರೆ ಹೈಡಿಯ ಬಾಯಲ್ಲಿ ಒಂದು "ಬೇಡ" ಹಾಕಿಸಲು ಎಷ್ಟು ಖರ್ಚಾಗುತ್ತಿತ್ತು?

ನಾನೂ ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ಒಂದು ವಾಮಾಚಾರದ ಸಿನಿಮಾಕ್ಕೆ ಸೌಂಡ್ ಮಾಡಿದೆ. ಹೆಸರು ಬೇಡ, ನೀವು ನೋಡಿಲ್ಲ, ಯಾರೂ ನೋಡಿಲ್ಲ. ಬಜೆಟ್ ಎಷ್ಟು ಕಡಿಮೆ ಅಂದರೆ ಫಾಗ್ ಮಷಿನ್ ಬದಲು ಸಾಂಬ್ರಾಣಿ. ಕಥೆಯಲ್ಲಿ ಒಂದು ಒಳ್ಳೆ ಷರತ್ತಿತ್ತು. ಹುಡುಗಿ ಮನೆಯಲ್ಲಿ ದೀಪ ಆರದ ಹಾಗೆ ನೋಡಿಕೊಳ್ಳಬೇಕು. ಎಡಿಟಿಂಗ್ ಟೇಬಲ್ಲಿನಲ್ಲಿ "ಲ್ಯಾಗ್ ಆಗುತ್ತೆ" ಎಂದು ಅವಳು ಎಣ್ಣೆ ಹುಡುಕುವ ದೃಶ್ಯ ಕತ್ತರಿಸಿದರು. ಆಮೇಲೆ ಎಲ್ಲಿ ಭಯ ಕಡಿಮೆ ಅನ್ನಿಸಿತೋ ಅಲ್ಲೆಲ್ಲ "ಇನ್ನೊಂದು ಕಿರುಚು ಹಾಕಿ ಸಾರ್" ಎಂದರು. ಹಾಕಿದೆ. ಹದಿನೇಳು ಕಿರುಚು. ಅದರಲ್ಲಿ ಎರಡು ನನ್ನದೇ ದನಿ. ಎಣ್ಣೆ ಡಬ್ಬಿ ಖಾಲಿಯಾದಾಗ ಬರುವ ಟಣ್ ಸದ್ದು ಮಾತ್ರ ನನ್ನ ಹಾರ್ಡ್ ಡಿಸ್ಕಿನಲ್ಲಿ ಉಳಿದಿದೆ. ಅವತ್ತು ನಾನು ಜಗಳ ಆಡಬೇಕಿತ್ತು. ಪೇಮೆಂಟ್ ಬಾಕಿ ಇತ್ತು, ಆಡಲಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಕಾಲೇಜಿನ ಹುಡುಗನೊಬ್ಬ, "ಹಾಗಾದರೆ ಈ ಸಿನಿಮಾ ನೋಡಬೇಡಿ ಅಂತೀರಾ ಸರ್?" ಎಂದು ಕೇಳಿದ. ನೋಡಿ, ಬಾಣಲೆ ಬರುವವರೆಗೆ ನೋಡಿ, ಆಮೇಲೆ ಕಣ್ಣು ಮುಚ್ಚಿ ಸುಮ್ನೆ ಕೇಳಿ ಎಂದೆ.)

(ಹಿಂದಿನ ಸಾಲಿನಲ್ಲಿದ್ದ ಒಬ್ಬ ಮಹಿಳೆ ಎದ್ದು ನಿಂತರು. ಅವರದ್ದು ಪ್ರಶ್ನೆ ಅಲ್ಲ. ಅವರ ಮಾತನ್ನು ನೆನಪಿದ್ದಷ್ಟು ಹಾಗೆಯೇ ಬರೆಯುತ್ತಿದ್ದೇನೆ.)

"ನಮ್ಮ ಮನೇಲಿ ದೇವರ ಫೋಟೋ ಕೂಡ ಇರಲಿಲ್ಲ ಸರ್. ನಮ್ಮ ತಂದೆ ಅಂಥವರು. ಆದರೆ ಬಾಗಿಲ ಮೇಲೆ ನಾಳೆ ಬಾ ಅಂತ ಇತ್ತು. ಅಮ್ಮ ಬರೆದಿದ್ದು. ಅಪ್ಪ ನೋಡೀನೂ ನೋಡದ ಹಾಗೆ ಇದ್ದರು. ಅವರು ಹೋಗಿ ಎಷ್ಟೋ ವರ್ಷ ಆದ ಮೇಲೆ ಮನೆಗೆ ಬಣ್ಣ ಹೊಡೆಸಿದ್ವಿ. ಪೇಂಟರ್ ಹುಡುಗ ಬಾಗಿಲು ಉಜ್ಜಕ್ಕೆ ಹೋದವನು, ಅಮ್ಮಾ ಇದೇನೋ ಬರೆದಿದೆ, ಒರೆಸ್ಲಾ ಅಂತ ಕೇಳಿದ. ಅಮ್ಮ ಅಡುಗೆಮನೆಯಿಂದ ಬಂದು ನೋಡಿದರು. ಅದೊಂದು ಜಾಗ ಬಿಟ್ಟು ಹೊಡಿಯಪ್ಪ ಅಂದರು."